ಮುಳುಗಿದ ಹಡಗನ್ನು ಕಾಗದದ ಮೇಲೆ ತೇಲಿಸಬಾರದು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಸಾಫ್ಟ್‌ವೇರಿನವರು, ಕಂಪ್ಯೂಟರ್ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ" ಎಂದರು. ಕಂಪ್ಯೂಟರ್ ಬಗ್ಗೆ ಈಗಿನ ಮಕ್ಕಳಿಗೆ ನನಗಿಂತ ಹೆಚ್ಚು ಗೊತ್ತಿದೆ. ಅದಕ್ಕೇ ನಾನು ಎರಡು ಯುದ್ಧಗಳ ಕಥೆ ಹೇಳೋಣ ಎಂದು ಬಂದಿದ್ದೇನೆ. ಒಂದು ಪೆಸಿಫಿಕ್ ಸಾಗರದ್ದು, ಇನ್ನೊಂದು ನಮ್ಮ ಕೊಡಗಿನವರೊಬ್ಬರು ಹಿಮದ ಬೆಟ್ಟದಲ್ಲಿ ನಡೆಸಿದ್ದು. ಮನೆಗೊಬ್ಬರು ಸೇನೆಯಲ್ಲಿದ್ದ ಜಿಲ್ಲೆ ನಮ್ಮದು. ಯುದ್ಧದ ಮಾತು ಇಲ್ಲಿ ಯಾರಿಗೂ ಹೊಸದಲ್ಲ. ಆದರೆ ಯುದ್ಧಕ್ಕೆ ಮೊದಲು ನನ್ನ 29 ಅಂಕಗಳ ಕಥೆ ಹೇಳಿಬಿಡುತ್ತೇನೆ.

ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ ನನಗೆ ನೂರಕ್ಕೆ 29 ಬಂತು. ಪಾಸಾಗಲು ಆಗ 35 ಬೇಕಿತ್ತು. ನಮ್ಮ ತಂದೆ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು, ಲೆಕ್ಕದ ಮನುಷ್ಯ. ಅವರಿಗೆ ಆ ಉತ್ತರಪತ್ರಿಕೆ ತೋರಿಸಿ ಸಹಿ ಹಾಕಿಸುವ ಧೈರ್ಯ ನನಗಿರಲಿಲ್ಲ. ಗಣಿತದ ಮೇಷ್ಟ್ರ ಹತ್ತಿರ ಹೋಗಿ, "ಸಾರ್, ಇದೇನೂ ಬೋರ್ಡ್ ಪರೀಕ್ಷೆ ಅಲ್ಲವಲ್ಲ, ಆರು ಮಾರ್ಕು ಹಾಕಿ ಸಾರ್" ಎಂದು ಬೇಡಿಕೊಂಡೆ. ಅವರು ಈಗ ಇಲ್ಲೇ ಮೊದಲ ಸಾಲಿನಲ್ಲಿ ಕೂತಿದ್ದಾರೆ. ಹೆಸರು ಹೇಳಿದರೆ ಈಗಲೂ ಬೈಯುತ್ತಾರೆ. ಅವತ್ತು ಅವರು ಹೇಳಿದ್ದು ಇಷ್ಟು: "ಆರು ಮಾರ್ಕು ಹಾಕೋದು ನನಗೆ ಒಂದು ನಿಮಿಷದ ಕೆಲಸ ಕಣೋ. ಆದರೆ ಹಾಕಿದ ಮೇಲೆ ನಿನಗೆ ಏನು ಬರಲ್ಲ ಅಂತ ನನಗೂ ಗೊತ್ತಾಗಲ್ಲ, ನಿನಗೂ ಗೊತ್ತಾಗಲ್ಲ."

ಅವತ್ತು ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಮಾತಿನ ಬೆಲೆ ಗೊತ್ತಾಗಲು ನನಗೆ ಹದಿನೈದು ವರ್ಷ ಬೇಕಾಯಿತು. ಗೊತ್ತಾದದ್ದು ಮಿಡ್‌ವೇ ಎಂಬ ಯುದ್ಧದ ಬಗ್ಗೆ ಓದುವಾಗ.

ಹವಾಯಿ ದ್ವೀಪಗಳಿಂದ ವಾಯವ್ಯಕ್ಕೆ ಸುಮಾರು 2,000 ಕಿಲೋಮೀಟರ್ ದೂರದಲ್ಲಿ ಮಿಡ್‌ವೇ ಎಂಬ ಪುಟ್ಟ ದ್ವೀಪವಿದೆ. ಎರಡನೇ ಮಹಾಯುದ್ಧದಲ್ಲಿ, 1942ರ ಜೂನ್ 4ರಂದು, ಅದನ್ನು ಹಿಡಿಯಲು ಜಪಾನಿನ ನೌಕಾಪಡೆ ಬಂತು. ಅಡ್ಮಿರಲ್ ನಗುಮೊ ಅವರ ಕೈಯಲ್ಲಿ ನಾಲ್ಕು ವಿಮಾನವಾಹಕ ನೌಕೆಗಳು: ಅಕಾಗಿ, ಕಾಗಾ, ಸೊರ್ಯು, ಹಿರ್ಯು. ಅಮೆರಿಕದವರ ಹತ್ತಿರ ಮೂರು: ಎಂಟರ್‌ಪ್ರೈಸ್, ಹಾರ್ನೆಟ್, ಯಾರ್ಕ್‌ಟೌನ್. ಜಪಾನಿನ ಗುಪ್ತಸಂದೇಶಗಳನ್ನು ಅಮೆರಿಕದವರು ಒಡೆದು ಓದಿದ್ದರು. ಆದ್ದರಿಂದ ಅವರು ಮೊದಲೇ ಬಂದು ಕಾದಿದ್ದರು. ಅದು ನಗುಮೊಗೆ ಗೊತ್ತಿರಲಿಲ್ಲ.

ವಿಮಾನವಾಹಕ ನೌಕೆ ಎಂದರೆ ತೇಲುವ ರನ್‌ವೇ. ನಮ್ಮ ಕಾಫಿ ಕಣ ಇದ್ದಂತೆ ಎಂದು ತಿಳಿದುಕೊಳ್ಳಿ. ನಿನ್ನೆ ಕೊಯ್ದ ಹಣ್ಣು ಕಣದ ತುಂಬ ಹರಡಿರುವಾಗ ಇವತ್ತಿನ ಹಣ್ಣನ್ನು ಹರಡಲು ಜಾಗವಿರುವುದಿಲ್ಲ. ಹಾಗೆಯೇ ಡೆಕ್ಕಿನ ಮೇಲೆ ವಿಮಾನಗಳು ಹಾರಲು ಸಾಲಾಗಿ ನಿಂತಿದ್ದರೆ, ವಾಪಸ್ ಬಂದ ವಿಮಾನಗಳು ಇಳಿಯುವಂತಿಲ್ಲ. ಅವು ಇಳಿಯುತ್ತಿದ್ದರೆ ಇವು ಹೊರಡುವಂತಿಲ್ಲ. ಇನ್ನೊಂದು ತೊಡಕು: ಹಡಗಿನ ಮೇಲೆ ದಾಳಿಗೆ ಟಾರ್ಪೆಡೊ ಬೇಕು, ನೆಲದ ಮೇಲೆ ದಾಳಿಗೆ ಬಾಂಬು ಬೇಕು. ಒಂದನ್ನು ತೆಗೆದು ಇನ್ನೊಂದನ್ನು ಕಟ್ಟಲು ಗಂಟೆಗಟ್ಟಲೆ ಹೊತ್ತು ಹಿಡಿಯುತ್ತದೆ.

ಬೆಳಗಿನ ಜಾವ ನಗುಮೊ 108 ವಿಮಾನಗಳನ್ನು ಮಿಡ್‌ವೇ ಮೇಲೆ ಕಳಿಸಿದರು. ಉಳಿದವನ್ನು, ಶತ್ರುವಿನ ಹಡಗು ಕಂಡರೆ ಇರಲಿ ಎಂದು ಸಿದ್ಧವಾಗಿಟ್ಟರು. 7 ಗಂಟೆಗೆ ದಾಳಿಯ ನಾಯಕನಿಂದ ಸಂದೇಶ ಬಂತು: ದ್ವೀಪದ ಮೇಲೆ ಇನ್ನೊಂದು ದಾಳಿ ಬೇಕು. 7.15ಕ್ಕೆ ನಗುಮೊ, ಮೀಸಲು ವಿಮಾನಗಳಿಗೂ ನೆಲದ ಬಾಂಬು ಕಟ್ಟಿ ಎಂದು ಆಜ್ಞೆ ಕೊಟ್ಟರು. ಅರ್ಧ ಗಂಟೆಯೊಳಗೆ ಗಸ್ತಿನ ವಿಮಾನದಿಂದ ಸುದ್ದಿ: ಶತ್ರುವಿನ ಹಡಗುಗಳು ಕಾಣುತ್ತಿವೆ. ಬಾಂಬು ಕಟ್ಟುವುದನ್ನು ನಿಲ್ಲಿಸಿದರು. 8.20ಕ್ಕೆ ಇನ್ನೊಂದು ಸುದ್ದಿ: ಅವುಗಳ ನಡುವೆ ವಿಮಾನವಾಹಕ ನೌಕೆಯೂ ಇದ್ದಂತಿದೆ. ಅಷ್ಟರಲ್ಲಿ ಮಿಡ್‌ವೇಯಿಂದ ಮರಳಿದ ವಿಮಾನಗಳು ತಲೆಯ ಮೇಲೆ ಸುತ್ತುತ್ತಿದ್ದವು. ಇಂಧನ ಮುಗಿಯುತ್ತಾ ಬಂದಿತ್ತು. ಹಿರ್ಯುವಿನಲ್ಲಿದ್ದ ಯಾಮಾಗುಚಿ ಎಂಬ ಅಧಿಕಾರಿ, ಇದ್ದುದನ್ನು ಇದ್ದಂತೆ ಈಗಲೇ ಕಳಿಸೋಣ ಎಂದರು. ನಗುಮೊ ಒಪ್ಪಲಿಲ್ಲ. ಮೊದಲು ನಮ್ಮವರು ಇಳಿಯಲಿ, ಆಮೇಲೆ ಸರಿಯಾಗಿ ಸಜ್ಜಾಗಿ ಹೊಡೆಯೋಣ ಎಂದರು.

10.20ರ ಹೊತ್ತಿಗೆ ಎಂಟರ್‌ಪ್ರೈಸ್ ಮತ್ತು ಯಾರ್ಕ್‌ಟೌನಿನ ವಿಮಾನಗಳು ಮೇಲಿನಿಂದ ಎರಗಿದವು. ಡೆಕ್ಕಿನ ಕೆಳಗೆ ಇಂಧನ ತುಂಬಿದ ವಿಮಾನಗಳು, ಬಾಂಬು, ಟಾರ್ಪೆಡೊ ಎಲ್ಲ ಒಟ್ಟಿಗೆ ಇದ್ದವು. ಕೆಲವೇ ನಿಮಿಷಗಳಲ್ಲಿ ಅಕಾಗಿ, ಕಾಗಾ, ಸೊರ್ಯು ಹೊತ್ತಿ ಉರಿದವು. ಸಂಜೆಯೊಳಗೆ ಹಿರ್ಯುವಿನ ಸರದಿಯೂ ಬಂತು. ನಾಲ್ಕೂ ಮುಳುಗಿದವು. ಜಪಾನಿನ ಸುಮಾರು 3,000 ಮಂದಿ ಸತ್ತರು. ಅವರೂ ಯಾರದೋ ಮನೆಯ ಮಕ್ಕಳೇ.

ಈ ಯುದ್ಧದ ಬಗ್ಗೆ ಓದಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ಯಾಮಾಗುಚಿ ಮಾತನ್ನು ನಗುಮೊ ಕೇಳಿದ್ದರೆ? ನಾನೂ ಹಾಗೆಯೇ ಕೇಳಿಕೊಂಡೆ. ಪ್ರೋಗ್ರಾಮ್ ಬರೆಯುವವರಿಗೆ ಇದೊಂದು ಚಟ. ಒಂದು ಸಾಲು ಬದಲಿಸಿ ಮತ್ತೆ ಓಡಿಸಿ ನೋಡುವುದು. ಆದರೆ ಹಾಗೆ ನೋಡುವುದಕ್ಕೂ ಒಂದು ನಿಯಮವಿದೆ. ನಮಗೆ ಈಗ ಗೊತ್ತಿರುವುದನ್ನು ಅವರ ತಲೆಗೆ ತುಂಬಬಾರದು. ಆ ಹೊತ್ತಿನಲ್ಲಿ ಅವರಿಗೆ ಗೊತ್ತಿದ್ದುದರೊಳಗೇ ನಿಂತು ನೋಡಬೇಕು. ಹಾಗೆ ನೋಡಿದರೆ 8.30ಕ್ಕೆ ನಗುಮೊ ಮುಂದೆ ಒಳ್ಳೆಯ ದಾರಿ ಯಾವುದೂ ಇರಲಿಲ್ಲ. ವಿಮಾನಗಳನ್ನು ಕೆಳಗಿನಿಂದ ಮೇಲೆ ತಂದು ಸಾಲು ನಿಲ್ಲಿಸಲೇ ಅರ್ಧ ಗಂಟೆಗೂ ಹೆಚ್ಚು ಬೇಕು. ಅಷ್ಟರಲ್ಲಿ ಸುತ್ತುತ್ತಿದ್ದ ತಮ್ಮದೇ ನೂರರಷ್ಟು ವಿಮಾನಗಳಲ್ಲಿ ಎಷ್ಟೋ ನೀರಿಗೆ ಬೀಳುತ್ತಿದ್ದವು. ಜೊತೆಗೆ ಕಾವಲಿಗೆ ಫೈಟರ್ ವಿಮಾನಗಳೂ ಸಾಲದಾಗಿದ್ದವು. ಯಾಮಾಗುಚಿ ಹೇಳಿದಂತೆ ಮಾಡಿದ್ದರೆ ಅಮೆರಿಕದ ಒಂದೆರಡು ಹಡಗು ಹೆಚ್ಚು ಮುಳುಗುತ್ತಿತ್ತೋ ಏನೋ. ಅಷ್ಟು ಹೊತ್ತಿಗಾಗಲೇ ಹೊರಟು ಬರುತ್ತಿದ್ದ ಅಮೆರಿಕದ ವಿಮಾನಗಳನ್ನು ಮಾತ್ರ ಅದು ತಡೆಯುತ್ತಿರಲಿಲ್ಲ.

ಹಾಗಾದರೆ ಬೇರೆ ದಾರಿ ಎಲ್ಲಿತ್ತು? ಒಂದು ತಿಂಗಳು ಹಿಂದೆ ಇತ್ತು.

1942ರ ಮೇ ಮೊದಲ ವಾರದಲ್ಲಿ ಜಪಾನಿನ ಅಧಿಕಾರಿಗಳು ಯಾಮಾಟೊ ಎಂಬ ಯುದ್ಧನೌಕೆಯಲ್ಲಿ ಕೂತು, ಮೇಜಿನ ಮೇಲೆ ನಕ್ಷೆ ಹರಡಿ, ಈ ದಾಳಿಯ ತಾಲೀಮು ನಡೆಸಿದರು. ಯಾವ ಬಾಂಬು ಬಿತ್ತು, ಯಾವುದು ತಪ್ಪಿತು ಎಂದು ತೀರ್ಮಾನಿಸಲು ದಾಳ ಉರುಳಿಸುತ್ತಿದ್ದರು. ಒಂದು ಸುತ್ತಿನಲ್ಲಿ ಶತ್ರುವಿನ ವಿಮಾನಗಳು ನಗುಮೊ ಹಡಗುಗಳ ಮೇಲೆ ಎರಗಿದವು. ದಾಳದ ಲೆಕ್ಕದಲ್ಲಿ ಒಂಬತ್ತು ಬಾಂಬು ತಾಗಿ ಅಕಾಗಿ, ಕಾಗಾ ಎರಡೂ ಮುಳುಗಿದವು. ತಾಲೀಮಿನ ಹಿರಿಯರಾಗಿದ್ದ ಅಡ್ಮಿರಲ್ ಉಗಾಕಿ, "ಒಂಬತ್ತು ಬೇಡ, ಮೂರು ಎಂದಿರಲಿ" ಎಂಬಂತೆ ತೀರ್ಪು ಬದಲಿಸಿದರು. ಅಕಾಗಿ ಬದುಕಿತು, ಕಾಗಾ ಮಾತ್ರ ಮುಳುಗಿದ ಲೆಕ್ಕವಾಯಿತು. ಮುಂದಿನ ಹಂತದ ತಾಲೀಮಿಗೆ ಬರುವಷ್ಟರಲ್ಲಿ ಆ ಕಾಗಾ ಕೂಡ ಮತ್ತೆ ತೇಲುತ್ತಿತ್ತು!

ಒಂದು ತಿಂಗಳ ನಂತರ ನಿಜವಾದ ಕಾಗಾ ಮುಳುಗಿತು. ಅದನ್ನು ತೇಲಿಸಲು ಯಾರ ಕೈಯಲ್ಲೂ ಆಗಲಿಲ್ಲ.

ಇದನ್ನು ಓದಿದ ದಿನ ನನಗೆ ನಮ್ಮ ಮೇಷ್ಟ್ರು ನೆನಪಾದರು. ಉಗಾಕಿ ಮಾಡಿದ್ದು ಆರು ಮಾರ್ಕು ಹಾಕಿದ ಕೆಲಸ. ಆ ತಾಲೀಮು ಅವರಿಗೆ ಪೂರ್ವಸಿದ್ಧತಾ ಪರೀಕ್ಷೆ. ಫೇಲಾದದ್ದನ್ನು ಫೇಲ್ ಎಂದೇ ಬಿಟ್ಟಿದ್ದರೆ, ಶತ್ರು ಬದಿಯಲ್ಲಿ ಕಾದಿದ್ದರೆ ಏನು ಮಾಡುವುದು ಎಂಬ ಪ್ರಶ್ನೆಗೆ ತಿಂಗಳ ಮೊದಲೇ ಉತ್ತರ ಹುಡುಕಬಹುದಿತ್ತು.

ಎದುರಿನವರು ಏನು ಮಾಡಿದರು ನೋಡಿ. ಯಾರ್ಕ್‌ಟೌನ್ ಮೇ 8ರಂದು ಕೋರಲ್ ಸಮುದ್ರದ ಕಾಳಗದಲ್ಲಿ ಬಾಂಬು ತಿಂದು ಬಂದಿತ್ತು. ಪೂರ್ತಿ ದುರಸ್ತಿಗೆ 90 ದಿನ ಬೇಕು ಎಂಬ ಅಂದಾಜಿತ್ತು. ಅಡ್ಮಿರಲ್ ನಿಮಿಟ್ಜ್ ಮೂರೇ ದಿನದಲ್ಲಿ ಹೊರಡಬೇಕು ಎಂದರು. ಕೆಲಸಗಾರರು ಹಗಲು ರಾತ್ರಿ ತೇಪೆ ಹಾಕಿದರು, ಹಡಗು ಮೇ 30ಕ್ಕೆ ಹೊರಟಿತು. ಅದೇ ಕಾಳಗದಿಂದ ಬಂದ ಜಪಾನಿನ ಜುಯ್ಕಾಕು ನೌಕೆಗೆ ಏನೂ ಆಗಿರಲಿಲ್ಲ. ವಿಮಾನಗಳು ಮಾತ್ರ ಕಡಿಮೆಯಾಗಿದ್ದವು. ಬೇರೆ ನೌಕೆಯ ವಿಮಾನ ಕೊಟ್ಟು ಕಳಿಸೋಣ ಎಂದು ಯಾರೂ ಹೊರಡಲಿಲ್ಲ, ಅದು ಬಂದರಿನಲ್ಲೇ ಉಳಿಯಿತು. ತಮ್ಮ ಗಾಯವನ್ನು ಅಳೆದು ನೋಡಿದವರು ಹೊರಟರು. ಇಷ್ಟೇ ಸಾಕು ಎಂದುಕೊಂಡವರು ಹಡಗನ್ನು ಮನೆಯಲ್ಲಿ ಬಿಟ್ಟು ಬಂದರು. ಅದೃಷ್ಟವೂ ಇತ್ತು, ಇಲ್ಲ ಎನ್ನುವುದಿಲ್ಲ. ಎಂಟರ್‌ಪ್ರೈಸಿನ ವಿಮಾನಗಳ ನಾಯಕ ಮೆಕ್‌ಕ್ಲಸ್ಕಿಗೆ ಹೇಳಿದ ಜಾಗದಲ್ಲಿ ಶತ್ರು ಸಿಗಲೇ ಇಲ್ಲ. ಇಂಧನ ಮುಗಿಯುತ್ತಿದ್ದರೂ ಹುಡುಕುತ್ತಾ ಹೋಗಿ, ಒಂಟಿಯಾಗಿ ಓಡುತ್ತಿದ್ದ ಜಪಾನಿನ ಹಡಗೊಂದನ್ನು ಕಂಡು ಅದರ ದಾರಿ ಹಿಡಿದ. ಅದೃಷ್ಟ ಎದುರಾದದ್ದು ಹುಡುಕುತ್ತಿದ್ದವನಿಗೆ.

ಈಗ ಸಮುದ್ರ ಬಿಟ್ಟು ಬೆಟ್ಟಕ್ಕೆ ಬರೋಣ. ಮಡಿಕೇರಿಯಲ್ಲಿ ಸನ್ನಿ ಸೈಡ್ ಎಂಬ ಮನೆಯಿದೆ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯನವರ ಮನೆ ಅದು. 2021ರ ಫೆಬ್ರವರಿಯಿಂದ ವಸ್ತುಸಂಗ್ರಹಾಲಯವಾಗಿದೆ. ಕಳೆದ ರಜೆಯಲ್ಲಿ ನನ್ನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಕೇಳಿದಳು: "ಅಪ್ಪಾ, ಇವರು ಗೆದ್ದದ್ದು ಹೇಗೆ?" ಅವಳಿಗೆ ನಾನು ಹೇಳಿದ್ದು ಮೊದಲು ಸೋತದ್ದರ ಕಥೆ.

1948ರ ಮೇ ತಿಂಗಳಲ್ಲಿ ಲೇಹ್ ಕೈತಪ್ಪುವ ಹಾಗಿತ್ತು. ಆಗ ಮೇಜರ್ ಜನರಲ್ ಆಗಿದ್ದ ತಿಮ್ಮಯ್ಯನವರು ಕಾಶ್ಮೀರ ಕಣಿವೆಯಲ್ಲಿದ್ದ ಡಿವಿಷನ್ನಿನ ಮುಖ್ಯಸ್ಥರು. ಏರ್ ಕಮಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಹಿಮಾಲಯದ ಮೇಲೆ ಹಾರಿಸಿ, ಲೇಹ್‌ನಲ್ಲಿ ಆತುರಾತುರವಾಗಿ ಮಾಡಿದ್ದ ನೆಲದ ಮೇಲೆ ಇಳಿಸಿದಾಗ, ಅದರೊಳಗೆ ತಿಮ್ಮಯ್ಯನವರೂ ಕೂತಿದ್ದರು. ಆದರೆ ವಿಮಾನದಲ್ಲಿ ಎಷ್ಟು ಮಂದಿಯನ್ನು, ಎಷ್ಟು ಅಕ್ಕಿಯನ್ನು ಸಾಗಿಸಲಾದೀತು? ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಗೆ ಬಾಗಿಲಿನಂತಿರುವುದು ಜೋಜಿ ಲಾ ಕಣಿವೆ, 11,500 ಅಡಿಗೂ ಎತ್ತರದಲ್ಲಿ. ಆ ಬಾಗಿಲು ಶತ್ರುವಿನ ಕೈಯಲ್ಲಿತ್ತು. ದ್ರಾಸ್, ಕಾರ್ಗಿಲ್ ಕೂಡ ಹೋಗಿದ್ದವು.

ಸೆಪ್ಟೆಂಬರಿನಲ್ಲಿ ನಮ್ಮ ಕಾಲಾಳುಗಳು ಆ ಕಣಿವೆಯ ಮೇಲೆ ನೇರ ದಾಳಿ ಮಾಡಿದರು. ಎರಡೂ ಕಡೆ ಕಡಿದಾದ ಬಂಡೆ, ಬಂಡೆಯ ಪೊಟರೆಗಳಲ್ಲಿ ಮೆಷಿನ್‌ಗನ್ನು. ದಾಳಿ ವಿಫಲವಾಯಿತು, ನಮ್ಮವರು ಸತ್ತರು. ಇನ್ನೊಂದಿಷ್ಟು ವಾರ ಕಳೆದರೆ ಹಿಮ ಬಿದ್ದು ದಾರಿ ಮುಚ್ಚುತ್ತದೆ.

ಇಲ್ಲಿ ಮೂರು ದಾರಿಗಳಿದ್ದವು. ಜನ ಹೆಚ್ಚು ಮಾಡಿ ಅದೇ ರೀತಿ ಮತ್ತೆ ಹೊಡೆಯುವುದು. ಚಳಿಗಾಲ ಕಳೆಯಲಿ ಎಂದು ಕಾಯುವುದು. ಇಲ್ಲವೇ, ನಮ್ಮ ರೀತಿಯೇ ತಪ್ಪು ಎಂದು ಒಪ್ಪಿಕೊಂಡು ಬೇರೆ ರೀತಿ ಹುಡುಕುವುದು. ತಿಮ್ಮಯ್ಯನವರು ಮೂರನೆಯದನ್ನು ಹಿಡಿದರು. ಪೊಟರೆಯಲ್ಲಿರುವ ಮೆಷಿನ್‌ಗನ್ನನ್ನು ಹತ್ತಿರದಿಂದ ಹೊಡೆಯಬೇಕು, ಹೊಡೆಯುವವನಿಗೆ ಗುಂಡು ತಾಗಬಾರದು. ಹಾಗಾದರೆ ಟ್ಯಾಂಕ್ ಬೇಕು. ಅಷ್ಟು ಎತ್ತರಕ್ಕೆ ಅಲ್ಲಿಯವರೆಗೆ ಯಾರೂ ಟ್ಯಾಂಕ್ ಒಯ್ದು ಕಾದಾಡಿರಲಿಲ್ಲ. ಹೇಸರಗತ್ತೆ ಹೋಗುವ ದಾರಿ ಅದು. ಪಶ್ಚಿಮದ ಸೇನಾಪಡೆಗಳ ಮುಖ್ಯಸ್ಥರಾಗಿದ್ದ, ನಮ್ಮ ಶನಿವಾರಸಂತೆಯಲ್ಲಿ ಹುಟ್ಟಿದ ಕಾರ್ಯಪ್ಪನವರು ಈ ಯೋಜನೆಯ ಬೆನ್ನಿಗೆ ನಿಂತರು.

ಆಮೇಲೆ ನಡೆದದ್ದು ತಯಾರಿ. ಏಳನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳನ್ನು ಜಮ್ಮು ಕಡೆಯಿಂದ ಗುಟ್ಟಾಗಿ ತಂದರು. ಗುರುತು ಸಿಗದಿರಲಿ, ಸೇತುವೆಗಳಿಗೆ ಭಾರ ಕಡಿಮೆಯಾಗಲಿ ಎಂದು ಮೇಲಿನ ತಿರುಗುವ ಗೋಪುರವನ್ನು ಬಿಚ್ಚಿ ಬೇರೆಯಾಗಿ ಸಾಗಿಸಿದರು. ಬಾಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆಯ ಕಾಲುದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಆ ಪಡೆಯ ಮನೆ ನಮ್ಮ ಬೆಂಗಳೂರೇ. ಚಳಿಯಲ್ಲಿ, ಗುಂಡಿನ ಎದುರಿನಲ್ಲಿ ಬಂಡೆ ಒಡೆದವರು ಅವರು. ಹವಾಮಾನ ಕೆಟ್ಟು ದಾಳಿಯ ದಿನ ಮುಂದೆ ಹೋಯಿತು. ಕಡೆಗೆ 1948ರ ನವೆಂಬರ್ 1ರಂದು ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅವರ ಟ್ಯಾಂಕ್‌ಗಳು ಕಣಿವೆಯೊಳಗೆ ನುಗ್ಗಿದವು. ತಿಮ್ಮಯ್ಯನವರು ಹಿಂದೆ ಉಳಿಯಲಿಲ್ಲ, ಮುಂದಿನ ಟ್ಯಾಂಕಿನಲ್ಲೇ ಇದ್ದರು. ಅಲ್ಲಿ ಟ್ಯಾಂಕ್ ಬರಬಹುದು ಎಂದು ಶತ್ರು ಕನಸಿನಲ್ಲೂ ಎಣಿಸಿರಲಿಲ್ಲ. ಕಣಿವೆ ಕೈಗೆ ಬಂತು. ನವೆಂಬರ್ ಮಧ್ಯಕ್ಕೆ ದ್ರಾಸ್, ತಿಂಗಳು ಮುಗಿಯುವುದರೊಳಗೆ ಕಾರ್ಗಿಲ್. 1949ರ ಜನವರಿ 1ಕ್ಕೆ ಕದನವಿರಾಮ.

ಈ ಎರಡು ದಿನಾಂಕಗಳ ನಡುವೆ ಎರಡೇ ತಿಂಗಳು. ಇಲ್ಲೂ ನಮ್ಮ ಪ್ರಶ್ನೆ ಕೇಳೋಣ. ಸೆಪ್ಟೆಂಬರಿನ ಸೋಲನ್ನು ಯಾರಾದರೂ ಉಗಾಕಿಯವರ ಹಾಗೆ, "ಸ್ವಲ್ಪದರಲ್ಲಿ ತಪ್ಪಿತು, ಇನ್ನೊಂದು ಸಲ ಹಾಗೇ ಹೊಡೆದರೆ ಆಗುತ್ತದೆ" ಎಂದು ವರದಿ ಬರೆದಿದ್ದರೆ? ಅಕ್ಟೋಬರಿನಲ್ಲಿ ಇನ್ನಷ್ಟು ಜನ ಸಾಯುತ್ತಿದ್ದರು. ಹಿಮ ಬೀಳುತ್ತಿತ್ತು. ಕದನವಿರಾಮದ ದಿನ ಜೋಜಿ ಲಾ, ಕಾರ್ಗಿಲ್ ಎರಡೂ ಅವರ ಕೈಯಲ್ಲೇ ಇದ್ದು, ಶ್ರೀನಗರದಿಂದ ಲೇಹ್‌ಗೆ ರಸ್ತೆಯೇ ಇಲ್ಲದ ನಕ್ಷೆ ನಮ್ಮದಾಗುವ ಸಾಧ್ಯತೆ ಬಹಳವಿತ್ತು.

ನೀವು ಕೇಳಬಹುದು: ನವೆಂಬರ್ 1ರಂದು ಟ್ಯಾಂಕ್ ಜಾರಿ ಪ್ರಪಾತಕ್ಕೆ ಬಿದ್ದಿದ್ದರೆ ಇದೇ ತಿಮ್ಮಯ್ಯನವರನ್ನು ಹುಚ್ಚರು ಎನ್ನುತ್ತಿದ್ದೆವಲ್ಲವೇ? ಖಂಡಿತ ಎನ್ನುತ್ತಿದ್ದೆವು. ಗೆದ್ದವರನ್ನು ಹೊಗಳುವುದು, ಸೋತವರನ್ನು ತೆಗಳುವುದು ನಮ್ಮ ಅಭ್ಯಾಸ. ಆದರೆ ಟ್ಯಾಂಕ್ ಬಿದ್ದಿದ್ದರೂ ಆ ನಿರ್ಧಾರ ಒಳ್ಳೆಯ ನಿರ್ಧಾರವೇ ಎಂದು ನಾನು ಹೇಳುತ್ತೇನೆ. ಯಾಕೆಂದರೆ ಅದು ಸೋಲನ್ನು ಸರಿಯಾಗಿ ಓದಿ ತೆಗೆದುಕೊಂಡ ನಿರ್ಧಾರ. ಫಲ ನಮ್ಮ ಕೈಯಲ್ಲಿಲ್ಲ, ಓದುವುದು ನಮ್ಮ ಕೈಯಲ್ಲಿದೆ.

ಇಷ್ಟೆಲ್ಲ ಹೇಳುವ ನಾನೇನು ಸಾಚಾ ಅಲ್ಲ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಹೊಸ ವ್ಯವಸ್ಥೆಯೊಂದನ್ನು ಚಾಲೂ ಮಾಡುವ ಮೊದಲು ನಡೆಸಿದ ಪರೀಕ್ಷೆಯಲ್ಲಿ ಒಂದು ಅಂಶ ಫೇಲಾಗಿತ್ತು. ದಿನಾಂಕ ಹತ್ತಿರ ಬಂದಿತ್ತು. "ಇದು ಪರೀಕ್ಷೆಯ ಯಂತ್ರದ ತೊಂದರೆ, ನಿಜವಾದ ಯಂತ್ರದಲ್ಲಿ ಬರಲ್ಲ" ಎಂದು ಬರೆದು ಪಾಸ್ ಎಂದು ಗುರುತು ಹಾಕಿದವನು ನಾನೇ. ಚಾಲೂ ಮಾಡಿದ ರಾತ್ರಿ ಅದೇ ಅಂಶದಿಂದ ಇಡೀ ವ್ಯವಸ್ಥೆ ಕುಸಿಯಿತು. ಸಾವಿರಾರು ಜನರ ಹಣ ಬೆಳಗಿನವರೆಗೆ ನಡುವೆಯೇ ಸಿಕ್ಕಿಕೊಂಡಿತ್ತು. ಯಾರೂ ಸಾಯಲಿಲ್ಲ, ದೊಡ್ಡದು. ಆ ವಾರವೇ ಹಿರಿಯ ಸಹೋದ್ಯೋಗಿಯೊಬ್ಬರು ನನಗೆ ಮಿಡ್‌ವೇ ಬಗ್ಗೆ ಓದು ಎಂದದ್ದು.

ಕೊನೆಯ ಮಾತು ನಮ್ಮ ಶಾಲೆಗೆ ಸಂಬಂಧಿಸಿದ್ದು. ನಾನು 29 ಅಂಕವನ್ನು ತಂದೆಗೆ ತೋರಿಸಿದೆ, ಬೈಸಿಕೊಂಡೆ, ಮೇಷ್ಟ್ರು ಸಂಜೆ ಕೂರಿಸಿಕೊಂಡು ಹೇಳಿಕೊಟ್ಟರು, ಬೋರ್ಡ್ ಪರೀಕ್ಷೆಯಲ್ಲಿ 71 ಬಂತು. ಆದರೆ ನನ್ನ ಬೆಂಚಿನಲ್ಲಿ ಹಾಡಿಯಿಂದ ಬರುತ್ತಿದ್ದ ಗೆಳೆಯನೊಬ್ಬ ಕೂರುತ್ತಿದ್ದ. ಬಾಯಿಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಚುರುಕು. ಅವನ ತಾಯಿ ಎಷ್ಟು ಕಿಲೋ ಕಾಫಿ ಹಣ್ಣು ಕೊಯ್ದರೆ ಎಷ್ಟು ಕೂಲಿ ಎಂದು ತೂಕದವರಿಗಿಂತ ಮೊದಲು ಹೇಳುತ್ತಿದ್ದ. ಒಂಬತ್ತನೆಯ ತರಗತಿಯ ಜನವರಿಯಲ್ಲಿ, ಕಾಫಿ ಕೊಯ್ಲು ಶುರುವಾದಾಗ ಬರುವುದು ನಿಲ್ಲಿಸಿದ. ಮತ್ತೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನಾವು ಗೆಳೆಯರು ಯಾರೂ ಹಾಡಿಗೆ ಹೋಗಿ ಕೇಳಲಿಲ್ಲ. ನಾನೂ ಕೇಳಲಿಲ್ಲ. ಬೆಂಚಿನಲ್ಲಿ ಜಾಗ ಸಿಕ್ಕಿತು ಎಂದು ಕಾಲು ಚಾಚಿ ಕೂತೆ.

ಈ ಸಂಚಿಕೆಯಲ್ಲಿ ಸಾಧನೆ ಮಾಡಿದ ಹಳೆಯ ವಿದ್ಯಾರ್ಥಿಗಳ ಪಟ್ಟಿ ಇರುತ್ತದೆ, ನನ್ನ ಹೆಸರೂ ಅದರಲ್ಲಿದೆ ಎಂದು ಕೇಳಿದೆ. ಸಂತೋಷ. ಆದರೆ ಹತ್ತನೆಯ ತರಗತಿ ಮುಟ್ಟದೆ ಹೋದವರ ಪಟ್ಟಿ ಇಲ್ಲ. ಐವತ್ತು ವರ್ಷದಲ್ಲಿ ನಾವು ಕಾಗದದ ಮೇಲೆ ತೇಲಿಸಿದ ಹಡಗುಗಳು ಅವರು. ಇದು ಶಾಲೆಯ ಮೇಲಿನ ದೂರಲ್ಲ. ಕಾಲು ಚಾಚಿ ಕೂತ ನಮ್ಮಂಥವರ ಲೆಕ್ಕ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ನನ್ನದೊಂದು ಕೋರಿಕೆ. ಆ ಎರಡನೆಯ ಪಟ್ಟಿಯನ್ನೂ ಮಾಡೋಣ, ಅಚ್ಚು ಹಾಕಲಿಕ್ಕಲ್ಲ, ನಮಗೆ ಗೊತ್ತಿರಲಿಕ್ಕೆ. ಪ್ರತಿ ವರ್ಷ ಜನವರಿ ಮೊದಲ ವಾರದಿಂದ ಕೊಯ್ಲು ಮುಗಿಯುವವರೆಗೆ, ಯಾವ ಮಗು ಮೂರು ದಿನ ಬರಲಿಲ್ಲವೋ ಆ ಮನೆಗೆ ನಮ್ಮಲ್ಲೊಬ್ಬರು ಹೋಗೋಣ. ದೂರದ ಹಾಡಿಗಳ ಮಕ್ಕಳಿಗೆ ಆ ಮೂರು ತಿಂಗಳ ಜೀಪಿನ ಬಾಡಿಗೆಯನ್ನು ನಾವು ಕೊಡೋಣ. ಮೊದಲ ವರ್ಷದ್ದು ನನ್ನದು. ಭಾನುವಾರ ಬೆಳಿಗ್ಗೆ ಗಣಿತ ಹೇಳಿಕೊಡಲು ಬೆಂಗಳೂರಿನಿಂದಲೇ ಫೋನಿನಲ್ಲಿ ನಾನು ಸಿದ್ಧ, ತಿಂಗಳಿಗೊಮ್ಮೆ ಇಲ್ಲಿಗೇ ಬರುತ್ತೇನೆ.

ಆ ಗೆಳೆಯ ಕಳೆದ ವರ್ಷ ಕುಟ್ಟದ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಗುರುತು ಹಿಡಿದದ್ದು ಅವನೇ. ಕಾಫಿ ಕುಡಿದೆವು. ಅವನ ಮಗಳು ಈಗ ಎಂಟನೆಯ ತರಗತಿ. "ಲೆಕ್ಕದಲ್ಲಿ ಸ್ವಲ್ಪ ಹಿಂದೆ ಇದ್ದಾಳೆ, ನೀನು ಬಂದಾಗ ನೋಡ್ತೀಯಾ?" ಎಂದು ಕೇಳಿದ. ಅವನು ಆ ಪ್ರಶ್ನೆ ನನಗೆ ಕೇಳಿದ. ಇಪ್ಪತ್ತು ವರ್ಷದ ಹಿಂದೆ ನಾನು ಅವನಿಗೆ ಕೇಳಬೇಕಿದ್ದ ಪ್ರಶ್ನೆಯೂ ಅಂಥದ್ದೇ ಆಗಿತ್ತು.

ಮಕ್ಕಳೇ, ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎಷ್ಟು ಬಂದರೂ ಮನೆಯಲ್ಲಿ ತೋರಿಸಿ. ತಂದೆತಾಯಿಯರೇ, ತೋರಿಸಿದ ಮಗುವನ್ನು ಹೊಡೆಯಬೇಡಿ. ಹೊಡೆದರೆ ಮುಂದಿನ ಸಲ ಅದು ಹಡಗು ತೇಲಿಸಿಕೊಂಡು ಬರುತ್ತದೆ. ಮೇಷ್ಟ್ರೇ, ಆ ಆರು ಮಾರ್ಕು ಹಾಕದೇ ಇದ್ದದ್ದಕ್ಕೆ ಇವತ್ತು ಎಲ್ಲರ ಮುಂದೆ ನಿಮಗೆ ಕೈ ಮುಗಿಯುತ್ತೇನೆ.